ನೀವು ಯಾವ ರೈಲು ಎಂಜಿನ್? ಮುಖ ನೋಡಿ ಮಣೆ ಹಾಕಬೇಡಿ

ರೈಲಿನ ಹುಚ್ಚಿರುವ ನಾಲ್ಕು ಜನ ಸೇರಿದರೆ ಮಾತು ಎಲ್ಲೆಲ್ಲೋ ಸುತ್ತಿ ಕೊನೆಗೆ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ: ‘ನೀನು ಯಾವ ಎಂಜಿನ್ ಮಾರಾಯ?’ ಅಂದರೆ ನಿನ್ನ ಸ್ವಭಾವ ಯಾವ ಎಂಜಿನ್ನಿಗೆ ಹೊಂದುತ್ತದೆ ಅಂತ. ಒಬ್ಬ ಹೊಗೆ ಕಾರುವ ಆಲ್ಕೊ ಡೀಸೆಲ್ ಅನ್ನುತ್ತಾನೆ. ಇನ್ನೊಬ್ಬಳಿಗೆ ವಿದ್ಯುತ್ತಿನ ವ್ಯಾಪ್-7 ಬಿಟ್ಟರೆ ಬೇರೆ ಯಾವುದೂ ಎಂಜಿನ್ನೇ ಅಲ್ಲ. ಮಿಕ್ಕವರು ಎರಡು ಮೂರರ ನಡುವೆ ಸಿಕ್ಕಿಕೊಂಡು ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಹೇಳುತ್ತಿರುತ್ತಾರೆ. ಈ ಬರಹ ಆ ಮಿಕ್ಕವರಿಗೆ.

ನನ್ನ ತಕರಾರು ಇಷ್ಟೇ. ನಾವು ಎಂಜಿನ್ ಆರಿಸುವುದು ಬಣ್ಣ, ಮೂತಿ, ಹಾರ್ನಿನ ಸದ್ದು ನೋಡಿ. ರೈಲ್ವೆಯವರು ಹಾಗೆ ಆರಿಸುವುದಿಲ್ಲ. ಹಿಂದೆ ಎಷ್ಟು ಲೋಡ್ ಇದೆ, ದಾರಿಯಲ್ಲಿ ಎಷ್ಟು ಏರು, ಮೇಲೆ ತಂತಿ ಇದೆಯೋ ಇಲ್ಲವೋ ಎಂದು ನೋಡಿ ಎಂಜಿನ್ ಕೊಡುತ್ತಾರೆ. ಅದರ ಮೈಮೇಲೆ ಬರೆದ ಅಕ್ಷರಗಳೂ ಇದನ್ನೇ ಹೇಳುತ್ತವೆ. ಮೊದಲನೆಯದು ಹಳಿಯ ಅಗಲ: ಡಬ್ಲ್ಯು ಅಂದರೆ ಬ್ರಾಡ್‌ಗೇಜ್, ವೈ ಅಂದರೆ ಮೀಟರ್‌ಗೇಜ್. ಎರಡನೆಯದು ಓಡುವ ಶಕ್ತಿ: ಡಿ ಡೀಸೆಲ್, ಎ ಎಸಿ ವಿದ್ಯುತ್, ಸಿ ಡಿಸಿ ವಿದ್ಯುತ್. ಮೂರನೆಯದು ಕೆಲಸ: ಪಿ ಪ್ಯಾಸೆಂಜರ್, ಜಿ ಗೂಡ್ಸ್, ಎಂ ಎರಡಕ್ಕೂ, ಎಸ್ ಶಂಟಿಂಗ್, ಅಂದರೆ ಯಾರ್ಡಿನಲ್ಲಿ ಡಬ್ಬಿ ಜೋಡಿಸಿ ಬಿಡಿಸುವ ಕೆಲಸ. ಡಬ್ಲ್ಯು, ಎ, ಪಿ ಕೂಡಿಸಿ ಓದಿದರೆ ವ್ಯಾಪ್; ಡಬ್ಲ್ಯು, ಎ, ಜಿ ಆದರೆ ವ್ಯಾಗ್. ತಮ್ಮ ಮೂರನೆಯ ಅಕ್ಷರ ತಿಳಿಯದೆ ರಾಜಧಾನಿ ಎಕ್ಸ್‌ಪ್ರೆಸ್ ಎಳೆಯುವ ಕನಸಿನಲ್ಲೇ ಇರುವ ಗೂಡ್ಸ್ ಮನುಷ್ಯರನ್ನು ಬೇಕಾದಷ್ಟು ನೋಡಿದ್ದೇನೆ. ಗೂಡ್ಸ್ ಅಂದರೆ ಕೀಳಲ್ಲ ಮತ್ತೆ. ರೈಲ್ವೆಗೆ ಹೆಚ್ಚು ದುಡ್ಡು ದುಡಿದು ಕೊಡುವುದೇ ಗೂಡ್ಸು.

ಯಾವುದರಿಂದ ಅಳೆಯುವುದು?

ಮೊದಲ ಅಳತೆ, ಹೊರಡುವಾಗಿನ ಎಳೆತವೋ ಓಡುವಾಗಿನ ವೇಗವೋ ಎಂಬುದು. ಅಶ್ವಶಕ್ತಿ ಒಂದೇ ಇದ್ದರೂ ಅದನ್ನು ನಿಧಾನವಾಗಿ ಹೆಚ್ಚು ಭಾರ ಎಳೆಯಲು ಬಳಸಬಹುದು, ಇಲ್ಲವೇ ಕಡಿಮೆ ಭಾರವನ್ನು ಬೇಗ ಓಡಿಸಲು ಬಳಸಬಹುದು. ಎರಡೂ ಪೂರ್ತಿ ಸಿಗುವುದಿಲ್ಲ. ಸೋಮವಾರ ಬೆಳಿಗ್ಗೆ ಜಡವಾಗಿ ಕೂತ ಕೆಲಸವನ್ನು ಅಲುಗಾಡಿಸುವವರು ನೀವೋ, ಅಥವಾ ಉರುಳತೊಡಗಿದ ಮೇಲೆ ಅದನ್ನು ಯಾರೂ ಹಿಡಿಯದಂತೆ ಓಡಿಸುವವರೋ?

ಎರಡನೆಯದು, ಶಕ್ತಿ ಎಲ್ಲಿಂದ ಬರುತ್ತದೆ. ಡೀಸೆಲ್ ಎಂಜಿನ್ ತನ್ನ ಬುತ್ತಿ ತಾನೇ ಹೊತ್ತು ತಿರುಗುತ್ತದೆ. ತಂತಿ ಹರಿದರೂ ಅದಕ್ಕೆ ಚಿಂತೆಯಿಲ್ಲ. ವಿದ್ಯುತ್ ಎಂಜಿನ್ನಿಗೆ ಮೇಲಿನ 25,000 ವೋಲ್ಟ್ ತಂತಿಯೇ ಜೀವ. ಬಲ ಜಾಸ್ತಿ, ಆದರೆ ಪರಾಧೀನ.

ಮೂರನೆಯದು, ನಿಲ್ಲುವಾಗ ಏನಾಗುತ್ತದೆ. ವೇಗ ಇಳಿಸುವಾಗ ಕೆಲವು ಎಂಜಿನ್‌ಗಳು ತಮ್ಮ ಶಕ್ತಿಯನ್ನೆಲ್ಲ ಬಿಸಿ ಮಾಡಿ ಗಾಳಿಗೆ ಬಿಡುತ್ತವೆ. ಕೆಲವು ಅದನ್ನು ವಿದ್ಯುತ್ತಾಗಿಸಿ ತಂತಿಗೆ ಹಿಂತಿರುಗಿಸುತ್ತವೆ. ಸಿಟ್ಟು ಬಂದಾಗ, ಸೋತಾಗ, ಕೆಲಸ ಬಿಡುವಾಗ ನೀವೇನು ಮಾಡುತ್ತೀರಿ ಎಂಬುದನ್ನು ಇಲ್ಲಿ ಪ್ರಾಮಾಣಿಕವಾಗಿ ನೋಡಿಕೊಳ್ಳಿ.

ಕೊನೆಯದು ಬಜೆಟ್. ನಿಮ್ಮನ್ನು ಸಾಕಲು ಮನೆಯವರಿಗೆ, ಆಫೀಸಿನವರಿಗೆ ಎಷ್ಟು ಖರ್ಚು? ದುಡ್ಡಿನ ಖರ್ಚೊಂದೇ ಅಲ್ಲ, ತಾಳ್ಮೆಯ ಖರ್ಚೂ ಲೆಕ್ಕಕ್ಕೆ ಸೇರಬೇಕು.

ಉಗಿ: ಚೆಂದ, ದುಬಾರಿ

‘ನಾನು ಉಗಿ ಎಂಜಿನ್’ ಅನ್ನುವವರೇ ಜಾಸ್ತಿ. ಅವರ ಕಣ್ಣ ಮುಂದೆ ಇರುವುದು ಹೆಚ್ಚಾಗಿ 1947ರಲ್ಲಿ ಅಮೆರಿಕದ ಬಾಲ್ಡ್‌ವಿನ್ ಕಾರ್ಖಾನೆಯಿಂದ ಬಂದ ಡಬ್ಲ್ಯುಪಿ: ಗುಂಡಿನಂಥ ಮೂತಿ, ಅದರ ಮೇಲೆ ನಕ್ಷತ್ರದ ಅಲಂಕಾರ. ಉಗಿಯವರ ಮನಸ್ಸು ಹೊರಗೇ ಕಾಣುತ್ತದೆ. ಉಸಿರು, ಸಿಟ್ಟು, ದಣಿವು ಯಾವುದನ್ನೂ ಬಚ್ಚಿಡಲು ಬರುವುದಿಲ್ಲ. ಖರ್ಚಿನ ವಿಷಯಕ್ಕೆ ಬಂದರೆ ಮಾತ್ರ ಕಷ್ಟ. ತಣ್ಣಗಿದ್ದ ಬಾಯ್ಲರಿನಲ್ಲಿ ಉಗಿ ಏಳಿಸಲು ಗಂಟೆಗಟ್ಟಲೆ ಬೇಕು. ಡ್ರೈವರ್ ಒಬ್ಬ ಸಾಲದು, ಕಲ್ಲಿದ್ದಲು ತುಂಬಲು ಫೈರ್‌ಮನ್ ಬೇಕು. ದಾರಿಯುದ್ದಕ್ಕೂ ನೀರು ಬೇಕು. ಬೆಳಿಗ್ಗೆ ಮೂರು ಲೋಟ ಕಾಫಿ, ಬೆನ್ನು ತಟ್ಟಲು ಒಬ್ಬರು, ಮಧ್ಯೆ ಮಧ್ಯೆ ಹೊಗಳಿಕೆ, ಇಷ್ಟಿಲ್ಲದೆ ಕದಲದವರು ನೀವಾದರೆ ಸರಿಯಾದ ಆಯ್ಕೆಯೇ. ಬ್ರಾಡ್‌ಗೇಜಿನ ದಿನನಿತ್ಯದ ಓಡಾಟದಿಂದ ಉಗಿಯನ್ನು 1995ರ ಡಿಸೆಂಬರಿನಲ್ಲಿ ಬೀಳ್ಕೊಟ್ಟರು ಎಂಬುದನ್ನು ನೆನಪಿಟ್ಟುಕೊಂಡು ಆರಿಸಿ.

ಉಗಿಯಲ್ಲೇ ನಾನು ಬೇರೆಯಾಗಿ ನಿಲ್ಲಿಸುವುದು ನೀಲಗಿರಿಯ ಎಕ್ಸ್ ವರ್ಗವನ್ನು. ಮೆಟ್ಟುಪಾಳ್ಯದಿಂದ ಕೂನೂರಿಗೆ ಹತ್ತುವ ಸ್ವಿಸ್ ಮೂಲದ ಈ ಎಂಜಿನ್ ಡಬ್ಲ್ಯುಪಿಯ ಹಾಗೆ ಮೆರೆಯುವ ಜಾತಿಯಲ್ಲ. ಅಲ್ಲಿ ಹನ್ನೆರಡು ಅಡಿ ಮುಂದೆ ಹೋದರೆ ಒಂದಡಿ ಏರು. ಬರೀ ಚಕ್ರ ಹಳಿಯ ಮೇಲೆ ಜಾರುತ್ತದೆ, ಅದಕ್ಕೆ ಹಳಿಗಳ ನಡುವೆ ಹಲ್ಲುಪಟ್ಟಿ ಹಾಕಿ, ಎಂಜಿನ್ನಿನ ಹಲ್ಲುಗಾಲಿ ಅದನ್ನು ಕಚ್ಚಿ ಹತ್ತುವಂತೆ ಮಾಡಿದ್ದಾರೆ. ಸಮತಟ್ಟಿನಲ್ಲಿ ಎರಡು ಸಿಲಿಂಡರ್ ಸಾಕು. ಹಲ್ಲುಪಟ್ಟಿ ಶುರುವಾದ ಮೇಲೆ ಅವುಗಳಿಂದ ಹೊರಬಂದ ಉಗಿಯನ್ನೇ ಇನ್ನೆರಡು ಸಿಲಿಂಡರ್‌ಗೆ ಕೊಟ್ಟು ಮತ್ತೊಮ್ಮೆ ದುಡಿಸುತ್ತಾರೆ. ಎಂಜಿನ್ ನಿಲ್ಲುವುದು ಯಾವಾಗಲೂ ಇಳಿಜಾರಿನ ಕಡೆಯ ತುದಿಯಲ್ಲಿ. ಹತ್ತುವಾಗ ಅದು ಡಬ್ಬಿಗಳನ್ನು ಹಿಂದಿನಿಂದ ತಳ್ಳುತ್ತದೆ, ಮುಂದೆ ನಿಂತು ಎಳೆಯುವುದಿಲ್ಲ. ಮನೆಯಲ್ಲಿ ಎಲ್ಲರನ್ನೂ ಮುಂದೆ ಬಿಟ್ಟು ತಾವು ಹಿಂದೆ ನಿಲ್ಲುವ ದೊಡ್ಡಮ್ಮಂದಿರು, ಅಕ್ಕಂದಿರು ಇರುತ್ತಾರಲ್ಲ, ಅವರು ಈ ವರ್ಗ. ಮೆಟ್ಟುಪಾಳ್ಯದಿಂದ ಊಟಿಗೆ ಇರುವುದು 46 ಕಿ.ಮೀ., ಹತ್ತಲು ಹಿಡಿಯುವುದು ಹೆಚ್ಚುಕಡಿಮೆ ಐದು ಗಂಟೆ. ಅವಸರದವರು ಇದನ್ನು ಮುಟ್ಟಬೇಡಿ.

ಆಲ್ಕೊ: ಎಲ್ಲ ಕೆಲಸಕ್ಕೂ ಸೈ

ಡಬ್ಲ್ಯುಡಿಎಂ-2 ನಮ್ಮ ದೇಶಕ್ಕೆ ಬಂದದ್ದು 1962ರಲ್ಲಿ, ಅಮೆರಿಕದ ಆಲ್ಕೊ ಕಂಪನಿಯಿಂದ. 1964ರಿಂದ ವಾರಾಣಸಿಯಲ್ಲೇ ಕಟ್ಟತೊಡಗಿದರು. 2,600 ಅಶ್ವಶಕ್ತಿ, ಗಂಟೆಗೆ 120 ಕಿ.ಮೀ. ಎಕ್ಸ್‌ಪ್ರೆಸ್ಸು, ಲೋಕಲ್ಲು, ಅದಿರಿನ ಗೂಡ್ಸು ಯಾವುದಕ್ಕೆ ಕಟ್ಟಿದರೂ ಗೊಣಗದೆ ಹೋಯಿತು. ಹುಟ್ಟಿಸಿದ ಕಂಪನಿ 1969ರಲ್ಲಿ ಎಂಜಿನ್ ಕಟ್ಟುವುದನ್ನೇ ನಿಲ್ಲಿಸಿತು, ನಾವು ಅದೇ ವಿನ್ಯಾಸವನ್ನು ತಿದ್ದಿ ತೀಡಿ ಮತ್ತೆ ದಶಕಗಟ್ಟಲೆ ಕಟ್ಟಿದೆವು. ತವರು ಮುಚ್ಚಿಹೋದರೂ ಸೇರಿದ ಮನೆಯಲ್ಲಿ ಬೆಳೆದು ಬಾಳಿದವರು ನಿಮ್ಮ ಸುತ್ತಲೂ ಇದ್ದಾರೆ, ನೋಡಿ.

ಆಲ್ಕೊ ಸ್ವಭಾವದ ಗುರುತು ಹೊಗೆ. ಡ್ರೈವರ್ ನಾಚ್ (ಶಕ್ತಿ ಹೆಚ್ಚಿಸುವ ಹಿಡಿಯ ಮೆಟ್ಟಿಲು) ಏರಿಸಿದ ಕೂಡಲೇ ಡೀಸೆಲ್ ಒಳಗೆ ನುಗ್ಗುತ್ತದೆ, ಗಾಳಿ ತುಂಬುವ ಟರ್ಬೊ ಮಾತ್ರ ಅಷ್ಟು ಬೇಗ ವೇಗ ಹಿಡಿಯುವುದಿಲ್ಲ. ಗಾಳಿ ಸಾಲದೆ ಎಣ್ಣೆ ಅರೆಬರೆ ಉರಿದು ಕಪ್ಪು ಹೊಗೆ ಏಳುತ್ತದೆ. ಸ್ವಲ್ಪ ಹೊತ್ತಿಗೆ ಗಾಳಿ ಸಿಕ್ಕಿ ಎಲ್ಲ ತಿಳಿಯಾಗುತ್ತದೆ. ಹೊಸ ಕೆಲಸ ಹೇಳಿದ ತಕ್ಷಣ ‘ಆಗಲ್ಲ, ಯಾರು ಮಾಡ್ತಾರೆ ಇದನ್ನ’ ಎಂದು ಕೂಗಾಡಿ, ಸಂಜೆಯೊಳಗೆ ಅದನ್ನೇ ಮುಗಿಸಿ ಕೂತಿರುವವರು ಈ ಜಾತಿ. ಅವರ ಹೊಗೆ ನೋಡಿ ಹೆದರಿ ಓಡಿದವರು ಒಳ್ಳೆಯ ಎಳೆತವನ್ನು ಕಳೆದುಕೊಳ್ಳುತ್ತಾರೆ. ಆದರೆ ಆಲ್ಕೊದವರಿಗೂ ಒಂದು ಮಾತು: ಪ್ಲಾಟ್‌ಫಾರ್ಮಿನಲ್ಲಿ ನಿಂತವರ ಬಿಳಿ ಅಂಗಿಯ ಕಡೆಗೂ ಸ್ವಲ್ಪ ನೋಡಿ.

ಖರ್ಚು? ಬಿಡಿಭಾಗ ಎಲ್ಲೆಡೆ ಸಿಗುತ್ತಿತ್ತು, ರಿಪೇರಿ ಬಲ್ಲವರು ಪ್ರತಿ ಶೆಡ್ಡಿನಲ್ಲೂ ಇದ್ದರು. ಹಾಗಾಗಿ ಸಾಕುವುದು ಸುಲಭ. ತೊಂದರೆ ಇರುವುದು ವಿಶ್ರಾಂತಿಯಲ್ಲಿ. ಒಮ್ಮೆ ಬಂದ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗುತ್ತದೋ ಇಲ್ಲವೋ ಎಂಬ ಅಳುಕಿಗೆ ಸೈಡಿಂಗಿನಲ್ಲಿ ನಿಂತಿದ್ದಾಗಲೂ ಎಂಜಿನ್ ಚಾಲೂ ಇಟ್ಟಿರುತ್ತಿದ್ದರು. ಭಾನುವಾರವೂ ಫೋನ್ ಕೈಬಿಡದೆ ಗುಡುಗುಡು ಅನ್ನುತ್ತಿರುವವರಿಗೆ ಈ ಖರ್ಚು ಎಷ್ಟೆಂದು ಗೊತ್ತು.

ಇಎಂಡಿ: ಘಾಟಿಯವರು

1999ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್‌ನ ರೈಲು ಎಂಜಿನ್ ವಿಭಾಗ ಇಎಂಡಿಯ ವಿನ್ಯಾಸದ ಡಬ್ಲ್ಯುಡಿಜಿ-4 ಬಂದಾಗ ಅದಕ್ಕೆ ಮನೆಯಾದದ್ದು ನಮ್ಮ ಹುಬ್ಬಳ್ಳಿಯ ಡೀಸೆಲ್ ಶೆಡ್. 4,000 ಅಶ್ವಶಕ್ತಿ, ಮುಂದೆ 4,500. ಲೆಕ್ಕದಲ್ಲಿ ಇದು ಆಲ್ಕೊಗಿಂತ ಒಂದೂವರೆ ಪಟ್ಟು ಚಿಲ್ಲರೆ. ನಿಜವಾದ ವ್ಯತ್ಯಾಸ ಚಕ್ರ ಜಾರುವ ಜಾಗದಲ್ಲಿ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರದ ಕಡೆಗಿನ ಘಾಟಿಯನ್ನು ನೆನೆಸಿಕೊಳ್ಳಿ: ಐವತ್ತಕ್ಕೆ ಒಂದರ ಏರು, ಸಾಲುಸಾಲು ಸುರಂಗ, ಹಳಿಯ ಮೇಲೆ ನೀರು, ಎಲೆ. ಅಲ್ಲಿ ಅಶ್ವಶಕ್ತಿ ಎಷ್ಟಿದ್ದರೂ ಹಿಡಿತವಿಲ್ಲದಿದ್ದರೆ ಚಕ್ರ ನಿಂತಲ್ಲೇ ತಿರುಗುತ್ತದೆ. ಇಎಂಡಿಯ ಕಂಪ್ಯೂಟರ್ ಜಾರುವಿಕೆಯನ್ನು ಆಗಿಂದಾಗ್ಗೆ ಅಳೆದು, ಮೋಟಾರಿನ ಬಲವನ್ನು ಬೇಕಾದಷ್ಟೇ ತಗ್ಗಿಸಿ, ಹಿಡಿತದ ಅಂಚಿನಲ್ಲಿ ನಿಂತು ಎಳೆಯುತ್ತದೆ. ಕಷ್ಟ ಬಂದಾಗ ಇನ್ನಷ್ಟು ಜೋರು ಮಾಡುವುದು ಆಲ್ಕೊ ರೀತಿ. ಕಷ್ಟ ಬಂದಾಗ ಒಂದು ಚೂರು ತಗ್ಗಿ, ಕಾಲೂರಿ, ಮತ್ತೆ ಎಳೆಯುವುದು ಇಎಂಡಿ ರೀತಿ.

ಇಂಥ ಘಾಟಿಗಳಲ್ಲಿ ಮುಂದಿನ ಎಂಜಿನ್ ಸಾಲದಾದಾಗ ಹಿಂದೆ ಬ್ಯಾಂಕರ್ ಎಂಬ ಇನ್ನೊಂದು ಎಂಜಿನ್ ಜೋಡಿಸುತ್ತಾರೆ. ಕ್ಯಾಸಲ್‌ರಾಕ್ ಮತ್ತು ಕುಳೆಂ ನಡುವೆ ಏರು ಇನ್ನೂ ಕಡಿದು, ಮೂವತ್ತೇಳಕ್ಕೆ ಒಂದು. ಬ್ಯಾಂಕರ್ ಹಿಂದಿನಿಂದ ತಳ್ಳಿ, ಮೇಲೆ ತಲುಪಿದ ಮೇಲೆ ಕಳಚಿಕೊಂಡು ಇನ್ನೊಂದು ಗಾಡಿಗೆ ಹೋಗುತ್ತದೆ. ರೈಲಿನ ಬೋರ್ಡಿನಲ್ಲಿ ಅದರ ಹೆಸರಿಲ್ಲ, ಊರು ಮುಟ್ಟುವ ಸಂಭ್ರಮವೂ ಇಲ್ಲ. ಮದುವೆಮನೆಗೆ ಮೂರು ದಿನ ಮೊದಲೇ ಬಂದು, ಫೋಟೊ ತೆಗೆಯುವ ಹೊತ್ತಿಗೆ ಹೊರಟುಹೋಗಿರುವ ಮಾವಂದಿರನ್ನು ನಾನು ಕಣ್ಣು ಮುಚ್ಚಿ ಈ ಪಟ್ಟಿಗೆ ಹಾಕುತ್ತೇನೆ.

ಇಎಂಡಿಯ ಕೊರತೆಯನ್ನೂ ಹೇಳಬೇಕು. ಮೊದಲು ಬಂದ ಡಬ್ಲ್ಯುಡಿಪಿ-4 ಎಂಜಿನ್‌ಗಳಿಗೆ ಡ್ರೈವರ್ ಕೋಣೆ ಒಂದೇ. ತಿರುಗಿಸದೆ ಉದ್ದ ಮೂತಿ ಮುಂದಾಗಿ ಓಡಿಸಿದರೆ ಎದುರಿನ ದಾರಿ ಸರಿಯಾಗಿ ಕಾಣುತ್ತಿರಲಿಲ್ಲ. ಕೊನೆಗೆ ಎರಡೂ ತುದಿಗೆ ಕೋಣೆ ಇಟ್ಟು 4ಡಿ ಮಾಡಿದರು. ಬಲ, ಶಿಸ್ತು ಎಲ್ಲ ಇದ್ದೂ ಒಂದೇ ಕಡೆಯಿಂದ ನೋಡುವ ಅಭ್ಯಾಸ ನಿಮಗಿದ್ದರೆ ಅದು ನಿಮ್ಮ 4ಡಿ ಆಗುವ ಮುಂಚಿನ ಅವಸ್ಥೆ. ಮತ್ತೆ, ಇಳಿಜಾರಿನಲ್ಲಿ ಮೋಟಾರುಗಳಿಂದಲೇ ವೇಗ ಇಳಿಸುವ ಇದರ ಡೈನಮಿಕ್ ಬ್ರೇಕ್ ಗಟ್ಟಿ, ನಿಜ, ಆದರೆ ಆ ಶಕ್ತಿಯೆಲ್ಲ ಬಿಸಿಯಾಗಿ ಗಾಳಿಗೆ ಹೋಗುತ್ತದೆ.

ವ್ಯಾಪ್-7, ವ್ಯಾಗ್-9: ಒಂದೇ ಮೈ, ಗೇರ್ ಬೇರೆ

ಗೊಂದಲ ಹೆಚ್ಚು ಇರುವುದು ಈ ಎರಡರ ನಡುವೆ. ಗೊಂದಲಕ್ಕೆ ಕಾರಣವೂ ಇದೆ. ಇವೆರಡೂ ಮೂರು ಫೇಸ್ ಮೋಟಾರಿನ, ಆರು ಸಾವಿರದ ಮೇಲೆ ಅಶ್ವಶಕ್ತಿಯ, ಆರು ಆಕ್ಸಲ್‌ಗಳ ಎಂಜಿನ್‌ಗಳು. ವ್ಯಾಗ್-9 ಮೊದಲು ಬಂತು. ಅದರ ಗೇರ್ ಅನುಪಾತ 77:15. ಅದನ್ನು 72:20 ಮಾಡಿ, ಪ್ಯಾಸೆಂಜರ್ ಗಾಡಿಗೆ ಒಗ್ಗಿಸಿದ್ದೇ ವ್ಯಾಪ್-7. ಅಷ್ಟಕ್ಕೇ ವ್ಯಾಗ್-9 ಹೊರಡುವಾಗ ಸುಮಾರು 460 ಕಿಲೊನ್ಯೂಟನ್ ಎಳೆದರೆ ವ್ಯಾಪ್-7 ಸುಮಾರು 322 ಎಳೆಯುತ್ತದೆ. ಪ್ರತಿಯಾಗಿ ವ್ಯಾಗ್-9 ಗಂಟೆಗೆ 100 ಕಿ.ಮೀ.ಗೆ ನಿಂತರೆ ವ್ಯಾಪ್-7 140 ಮುಟ್ಟುತ್ತದೆ.

ಅಣ್ಣತಮ್ಮಂದಿರಲ್ಲಿ, ಒಂದೇ ಕಾಲೇಜಿನ ಗೆಳೆಯರಲ್ಲಿ ಇದನ್ನೇ ಕಾಣುತ್ತೇವೆ. ಬುದ್ಧಿ, ಓದು ಎಲ್ಲ ಒಂದೇ. ಒಬ್ಬ ಹೆಗಲಿಗೆ ಬಿದ್ದ ಸಾಲ, ಜಮೀನು, ಅಪ್ಪ ಅಮ್ಮನ ಆಸ್ಪತ್ರೆ ಎಲ್ಲ ಎಳೆದುಕೊಂಡು ಹೋಗುತ್ತಾನೆ. ಇನ್ನೊಬ್ಬ ವರ್ಷಕ್ಕೊಂದು ಬಡ್ತಿ ಹತ್ತುತ್ತಾನೆ. ವ್ಯಾಗ್-9 ಅನ್ನು ‘ನೀನು ನಿಧಾನ’ ಎಂದು ಬೈಯುವುದು ತಪ್ಪು ಲೆಕ್ಕ. ವ್ಯಾಪ್-7 ಅನ್ನು ‘ನಿನಗೆ ಜವಾಬ್ದಾರಿಯಿಲ್ಲ’ ಅನ್ನುವುದೂ ಅಷ್ಟೇ ತಪ್ಪು. 24 ಡಬ್ಬಿಯ ಗಾಡಿಯನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸುವುದು ಸಣ್ಣ ಕೆಲಸವಲ್ಲ.

ವ್ಯಾಪ್-7ಗೆ ಇನ್ನೊಂದು ಗುಣವಿದೆ. ಎಲ್‌ಎಚ್‌ಬಿ ಎಂಬ ಜರ್ಮನ್ ವಿನ್ಯಾಸದ ಡಬ್ಬಿಗಳ ಗಾಡಿಗೆ ಮೊದಲೆಲ್ಲ ಲೈಟು, ಎಸಿ, ಪ್ಯಾಂಟ್ರಿಗೆ ಕರೆಂಟು ಬರುತ್ತಿದ್ದದ್ದು ತುದಿಯ ಜನರೇಟರ್ ಡಬ್ಬಿಯಿಂದ. ಅದರ ಸದ್ದು, ಡೀಸೆಲ್ ವಾಸನೆ ಪಕ್ಕದ ಡಬ್ಬಿಯವರಿಗೆ ಚೆನ್ನಾಗಿ ಗೊತ್ತು. ಈಗ ಎಂಜಿನ್ನೇ ತಂತಿಯಿಂದ ಪಡೆದ ವಿದ್ಯುತ್ತನ್ನು ಹಿಂದಿನ ಡಬ್ಬಿಗಳಿಗೂ ಹಂಚುತ್ತದೆ. ಹೊರಗೂ ದುಡಿದು ಮನೆಯ ದೀಪವನ್ನೂ ತಾವೇ ಉರಿಸುವವರ ಗುಣ ಇದು. ಅದೂ ಅಲ್ಲದೆ ಬ್ರೇಕ್ ಹಾಕಿದಾಗ ಎರಡೂ ಎಂಜಿನ್ ತಂತಿಗೆ ಕರೆಂಟು ವಾಪಸ್ ಕೊಡುತ್ತವೆ. ಮೋಟಾರಿನಲ್ಲಿ ಸವೆಯುವ ಬ್ರಷ್ ಇಲ್ಲದ್ದರಿಂದ ರಿಪೇರಿಯೂ ಕಡಿಮೆ. ಬಜೆಟ್ಟಿನಲ್ಲಿ ಇವನ್ನು ಮೀರಿಸುವುದು ಕಷ್ಟ.

ಇವರ ದೌರ್ಬಲ್ಯ ತಂತಿ. ಒಂದು ಸಬ್‌ಸ್ಟೇಷನ್ನಿನ ವ್ಯಾಪ್ತಿ ಮುಗಿದು ಇನ್ನೊಂದು ಶುರುವಾಗುವಲ್ಲಿ ಕರೆಂಟಿಲ್ಲದ ತುಂಡೊಂದು ಬರುತ್ತದೆ, ನ್ಯೂಟ್ರಲ್ ಸೆಕ್ಷನ್. ಅಲ್ಲಿ ಬ್ರೇಕರ್ (ಎಂಜಿನ್ನಿನ ಮುಖ್ಯ ಸ್ವಿಚ್) ತೆಗೆದು ಬಂದ ಓಟದಲ್ಲೇ ದಾಟಬೇಕು. ದಾಟುತ್ತಾರೆ. ಅಲ್ಲೇ ನಿಂತುಬಿಟ್ಟರೆ ಆರು ಸಾವಿರ ಅಶ್ವಶಕ್ತಿ ಇದ್ದೂ ಇಲ್ಲದ ಹಾಗೆ. ಸಂಬಳ, ಸಂಸ್ಥೆ, ಸಂಸಾರದ ಆಸರೆ ಇದ್ದಾಗ ಮಿಂಚುವವರು, ಕೆಲಸ ಬಿಟ್ಟು ಕೂತ ಎರಡು ತಿಂಗಳಲ್ಲಿ ಮಂಕಾದರೆ ಅದನ್ನು ಸೋಮಾರಿತನ ಅನ್ನಬೇಡಿ.

ಮಿಕ್ಕ ಆಯ್ಕೆಗಳು, ಚುಟುಕಾಗಿ

ವ್ಯಾಪ್-5: ಸ್ವಿಸ್ ವಿನ್ಯಾಸದ ಬೇರು, 1995ರಲ್ಲಿ ಬಂದದ್ದು, ತೂಕ ಬರೀ 78 ಟನ್, ಆಕ್ಸಲ್ ನಾಲ್ಕೇ. 2016ರ ಏಪ್ರಿಲ್‌ನಲ್ಲಿ ದಿಲ್ಲಿ–ಆಗ್ರಾ ಗತಿಮಾನ್ ಎಕ್ಸ್‌ಪ್ರೆಸ್ಸನ್ನು ಗಂಟೆಗೆ 160 ಕಿ.ಮೀ. ಓಡಿಸಿದ್ದು ಇದೇ. ಆದರೆ ಭಾರದ ಗಾಡಿ ಕಟ್ಟಿ ನಿಂತಲ್ಲಿಂದ ಹೊರಡಿಸಿದರೆ ವ್ಯಾಪ್-7 ಮುಂದೆ ಸಪ್ಪೆ. ಪರೀಕ್ಷೆಯ ಕೊನೆಯ ವಾರ ಓದಿ ರ‍್ಯಾಂಕ್ ತೆಗೆಯುವವರಿಗೆ ಒಪ್ಪುತ್ತದೆ. ಮನೆ ಕಟ್ಟಿಸುವವರಿಗೆ ಒಪ್ಪುವುದಿಲ್ಲ.

ವ್ಯಾಗ್-12ಬಿ: ಬಿಹಾರದ ಮಧೇಪುರದಲ್ಲಿ ಅಲ್ಸ್ಟಾಮ್ ಜೊತೆಗೂಡಿ ಕಟ್ಟುವ 12,000 ಅಶ್ವಶಕ್ತಿಯ ಎಂಜಿನ್. ಎರಡು ಭಾಗ ಕೂಡಿಸಿದರೇ ಒಂದು. ಇದನ್ನು ಒಬ್ಬರೇ ಆರಿಸಿಕೊಳ್ಳುವುದು ಜಂಬ. ಗಂಡ ಹೆಂಡತಿ ಸೇರಿ ಅಂಗಡಿ ನಡೆಸುತ್ತಿದ್ದರೆ ಆರಿಸಿಕೊಳ್ಳಿ.

ಡಬ್ಲ್ಯುಸಿಎಎಂ-3: ಮುಂಬೈ ಸುತ್ತ ಹಳೆಯ 1,500 ವೋಲ್ಟ್ ಡಿಸಿ, ಆಚೆಗೆ 25,000 ವೋಲ್ಟ್ ಎಸಿ. ಎರಡರಲ್ಲೂ ಓಡುವಂತೆ ಮಾಡಿದ ಎಂಜಿನ್ ಇದು. ಎರಡು ನುಡಿ, ಎರಡು ಊರು, ಎರಡು ಬಗೆಯ ಮನೆಗಳ ನಡುವೆ ಬದುಕುವ ಮುಂಬೈ ಕನ್ನಡಿಗರಿಗೆ ಹೇಳಿ ಮಾಡಿಸಿದ ಹಾಗಿದೆ. ಎರಡರ ಸಲಕರಣೆಯನ್ನೂ ಸದಾ ಹೊತ್ತು ತಿರುಗಬೇಕು ಎಂಬುದು ಇದರ ಖರ್ಚು. ಮುಂಬೈ ಪೂರ್ತಿ ಎಸಿಗೆ ಬದಲಾದ ಮೇಲೆ ಆ ಎರಡನೆಯ ವಿದ್ಯೆಯನ್ನು ಕೇಳುವವರು ಇಲ್ಲವಾದರು.

ಡಬ್ಲ್ಯುಡಿಎಸ್-4: ಯಾರ್ಡಿನ ಶಂಟಿಂಗ್ ಎಂಜಿನ್, 700 ಅಶ್ವಶಕ್ತಿಯ ಆಸುಪಾಸು, ಡೀಸೆಲ್ ಆದರೂ ಉಗಿ ಎಂಜಿನ್ನಿನ ಹಾಗೆ ಚಕ್ರಗಳಿಗೆ ಕೂಡುಕಂಬಿ. ದೂರದೂರಿಗೆ ಹೋಗುವ ಆಸೆಯಿಲ್ಲ. ಯಾವ ಡಬ್ಬಿ ಎಲ್ಲಿ, ಯಾರ ಪಕ್ಕ ಯಾರು ಎಂಬುದೆಲ್ಲ ಬಾಯಿಪಾಠ. ಪ್ರತಿ ಆಫೀಸಿನಲ್ಲೂ ಇಂಥ ಒಬ್ಬರು ರಜೆ ಹಾಕಿದ ದಿನ ಮಿಕ್ಕವರಿಗೆ ಅವರ ಬೆಲೆ ತಿಳಿಯುತ್ತದೆ.

‘ನಾನು ವಂದೇ ಭಾರತ್’ ಅನ್ನುವವರಿಗೆ: ಅದಕ್ಕೆ ಎಂಜಿನ್ನೇ ಇಲ್ಲ. ಮೋಟಾರುಗಳು ಡಬ್ಬಿಗಳ ಕೆಳಗೆ ಹಂಚಿಹೋಗಿವೆ. ನೀವು ಒಳ್ಳೆಯ ತಂಡದವರಿರಬಹುದು, ಈ ಪಟ್ಟಿಯವರಲ್ಲ.

ಇನ್ನೂ ಎರಡರ ನಡುವೆ ಇದ್ದರೆ

ಆಲ್ಕೊ ಮತ್ತು ಇಎಂಡಿ ನಡುವೆ ತೂಗುತ್ತಿದ್ದರೆ ಮನೆಯವರನ್ನು ಒಂದೇ ಕೇಳಿ: ಇಕ್ಕಟ್ಟಿನಲ್ಲಿ ನನ್ನ ದನಿ ಏರುತ್ತದೋ ಇಳಿಯುತ್ತದೋ? ಏರಿದರೆ ಆಲ್ಕೊ. ವ್ಯಾಪ್-7 ಮತ್ತು ವ್ಯಾಗ್-9 ನಡುವೆ ಇದ್ದರೆ ಕಳೆದ ವರ್ಷ ನಿಮ್ಮ ಹೊತ್ತು ಹೋದದ್ದು ಭಾರ ಹೊರುವುದರಲ್ಲೋ ಹೊತ್ತಿಗೆ ಸರಿಯಾಗಿ ಮುಟ್ಟುವುದರಲ್ಲೋ ಎಂದು ನೋಡಿ. ಅದರಲ್ಲೂ ಗೇರ್ ಬದಲಿಸಬಹುದು ಎಂಬ ಸಮಾಧಾನ ಇದ್ದೇ ಇದೆ. ಎಕ್ಸ್ ವರ್ಗ ಮತ್ತು ಬ್ಯಾಂಕರ್ ಎರಡೂ ತಳ್ಳುವವೇ. ಹೊರಟಲ್ಲಿಂದ ಕೂನೂರಿನವರೆಗೂ ಮನೆಯವರ ಜೊತೆ ಇರುವವರು ಎಕ್ಸ್, ಏರು ದಾಟಿಸಿ ಬಿಟ್ಟುಬರುವವರು ಬ್ಯಾಂಕರ್. ಕೈಯಲ್ಲಿ ದುಡ್ಡು, ಸುತ್ತ ಆಸರೆ ಎರಡೂ ಕಡಿಮೆ ಇರುವ ಕಾಲದಲ್ಲಿ ವಿದ್ಯುತ್ ಎಂಜಿನ್ ಆಗಲು ಹೋಗಬೇಡಿ, ಬುತ್ತಿ ಹೊತ್ತ ಡೀಸೆಲ್ಲೇ ಕ್ಷೇಮ.

ಅರ್ಧ ಆಯಸ್ಸು ಡೀಸೆಲ್ ಆಗಿ ಕಳೆದು ಈಗ ಬದಲಾಗಬೇಕು ಅನ್ನುವವರೂ ಕೇಳುತ್ತಿರುತ್ತಾರೆ. ವಾರಾಣಸಿಯ ಕಾರ್ಖಾನೆ ತಾನೇ ಹಾಗೆ ಬದಲಾಯಿತು. ಡೀಸೆಲ್ ಲೋಕೊಮೋಟಿವ್ ವರ್ಕ್ಸ್ ಆಗಿದ್ದದ್ದು 2020ರಲ್ಲಿ ಬನಾರಸ್ ಲೋಕೊಮೋಟಿವ್ ವರ್ಕ್ಸ್ ಆಗಿ, ಈಗ ವ್ಯಾಪ್-7 ಮತ್ತು ವ್ಯಾಗ್-9 ಕಟ್ಟುತ್ತದೆ. ಹಳೆಯ ಎಂಜಿನ್ನನ್ನೇ ಬದಲಿಸುವ ಪ್ರಯೋಗವೂ ಅಲ್ಲಿ ನಡೆದಿದೆ: ಎರಡು ಆಲ್ಕೊ ಡೀಸೆಲ್‌ಗಳನ್ನು ಜೋಡಿಸಿ 10,000 ಅಶ್ವಶಕ್ತಿಯ ಒಂದು ವಿದ್ಯುತ್ ಎಂಜಿನ್ ಮಾಡಿ, 2019ರ ಫೆಬ್ರುವರಿಯಲ್ಲಿ ಹಳಿಗೆ ಬಿಟ್ಟರು. ಹಳೆಯದನ್ನು ಹೀಗೆ ಬದಲಿಸಿದ್ದು ಕೆಲವನ್ನು ಮಾತ್ರ. ಹೊಸದನ್ನು ಕಟ್ಟಿದ್ದು ಸಾಲುಸಾಲಾಗಿ. ಆ ವಯಸ್ಸಿನಲ್ಲಿ ಬದಲಾಗುವುದಾದರೆ ಒಬ್ಬರೇ ಹೊರಡುವ ಬದಲು, ಅದೇ ಶೆಡ್ಡಿನ ಇನ್ನೊಬ್ಬರನ್ನು ಜೊತೆಗೆ ಕಟ್ಟಿಕೊಳ್ಳಬಹುದೇ ಎಂದು ಮೊದಲು ವಿಚಾರಿಸಿ.